ಓಬವ್ವನ ಕಿಂಡಿಯೂ ಒಂದು ಅಡ್ಡಗೆರೆಯೂ

ಚಿತ್ರದುರ್ಗದ ಕೋಟೆಗೆ ಏಳು ಸುತ್ತು. ಅಷ್ಟೆಲ್ಲ ಗೋಡೆ, ಬಾಗಿಲು, ಬತೇರಿಗಳಿದ್ದರೂ ಹೈದರಾಲಿಯ ಸೈನಿಕರು ಒಳಗೆ ನುಸುಳಲು ಆರಿಸಿಕೊಂಡದ್ದು ಬಂಡೆಗಳ ನಡುವಿನ ಒಂದು ಕಿಂಡಿಯನ್ನು. ಒಬ್ಬ ಮನುಷ್ಯ ಮೈ ಮುದುಡಿಕೊಂಡು ಬರುವಷ್ಟೇ ಅಗಲ. ಮೊಸರು ಮಾರುವ ಹೆಂಗಸೊಬ್ಬಳು ಆ ದಾರಿಯಾಗಿ ಬಂದು ಹೋಗುವುದನ್ನು ನೋಡಿ ಶತ್ರುಗಳಿಗೆ ಗುಟ್ಟು ತಿಳಿಯಿತೆಂದು ಜನ ಹೇಳುತ್ತಾರೆ. ಮುಂದಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಕಾವಲುಗಾರ ಊಟಕ್ಕೆ ಕೂತಿದ್ದ; ನೀರು ತರಲು ಹೋದ ಅವನ ಹೆಂಡತಿ ಓಬವ್ವನಿಗೆ ಸದ್ದು ಕೇಳಿಸಿತು; ಕೈಗೆ ಸಿಕ್ಕಿದ್ದು ಒನಕೆ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಆ ಒನಕೆ ಎತ್ತಿದ್ದನ್ನು ನೋಡಿ ಮೈ ಜುಮ್ಮೆನ್ನದ ಕನ್ನಡಿಗ ಯಾರಿದ್ದಾರೆ?

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮಾರನೆಯ ದಿನ ಆ ಕಿಂಡಿಗೆ ಯಾರಾದರೂ ಕಲ್ಲು ಜಡಿದರೆ? ಕಿಂಡಿ ಇಂದಿಗೂ ಹಾಗೆಯೇ ಇದೆ. ರಜಕ್ಕೆ ಊರಿಗೆ ಹೋದಾಗ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಕೋಟೆ ಕೊನೆಗೆ 1779ರಲ್ಲಿ ಹೈದರಾಲಿಯ ವಶವಾಯಿತು. ಅದಕ್ಕೆ ಬೇರೆ ಕಾರಣಗಳಿದ್ದವೆನ್ನಿ. ಒನಕೆ ಹಿಡಿದವಳ ಶೌರ್ಯವನ್ನು ನಾವು ಹಾಡಿ ಹೊಗಳುತ್ತೇವೆ, ಹೊಗಳಲೇಬೇಕು. ಕಿಂಡಿ ಮುಚ್ಚುವ ಗಾರೆಯವನ ಹೆಸರು ಮಾತ್ರ ಯಾರಿಗೂ ಬೇಡ. ಈ ಲೇಖನ ಅಂಥ ಗಾರೆಯವರ ಬಗ್ಗೆ. ಅವರು ಮುಚ್ಚುವುದು ಕಲ್ಲಿನ ಕಿಂಡಿಯನ್ನಲ್ಲ, ಕಂಪ್ಯೂಟರಿನ ಕಿಂಡಿಯನ್ನು.

ಡಾಕ್ಟರಿಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಈ ಮೂರು ಊರುಗಳ ಕನ್ನಡ ಕೂಟಗಳಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಬೀಳುವುದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಮೇಲೆಯೇ. ಅಷ್ಟು ಪಂಡಿತರ ನಡುವೆ ಸ್ಟೆತಾಸ್ಕೋಪ್ ಹಿಡಿದ ಪಾಮರ ನಾನು. ಆದರೆ ನನ್ನ ರೋಗಿಗಳ ರಕ್ತಪರೀಕ್ಷೆ, ಎಕ್ಸ್‌ರೇ, ಔಷಧಿಯ ಚೀಟಿ, ಡ್ರಿಪ್ ಹಾಕುವ ಪಂಪು, ಕೆಲವರ ಎದೆಯೊಳಗಿನ ಪೇಸ್‌ಮೇಕರ್ ಕೂಡ ಈಗ ಕಂಪ್ಯೂಟರಿನ ಅಧೀನ. ಅಲ್ಲಿ ಕಿಂಡಿ ಬಿದ್ದರೆ ಮೊದಲು ಬಳಲುವವರು ಅವರು. ಆದ್ದರಿಂದ ಈ ರೋಗದ ಲಕ್ಷಣ ಮತ್ತು ಚಿಕಿತ್ಸೆಯನ್ನು ನನಗೆ ತಿಳಿದ ಮಟ್ಟಿಗೆ ಓದಿಕೊಂಡಿದ್ದೇನೆ. ಅನುಮಾನ ಬಂದಲ್ಲೆಲ್ಲ ಆಸ್ಟಿನ್‌ನಲ್ಲಿರುವ ನನ್ನ ಭಾವಮೈದುನನನ್ನು ಗೋಳು ಹೊಯ್ದುಕೊಂಡಿದ್ದೇನೆ. ಅವನ ಅನ್ನ ಯೂನಿಕ್ಸ್‌ನದು.

ಯೂನಿಕ್ಸ್ ಎಂಬ ಹಳೆಯ ಮನೆ

ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಮುಖ್ಯ ಶಿಲ್ಪಿಗಳು. ಅದರ ತತ್ತ್ವ ನಮ್ಮ ಅಜ್ಜಿಯರ ಅಡುಗೆಮನೆಯ ತತ್ತ್ವವೇ: ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಪರಿಕರ. ಈಳಿಗೆಮಣೆ ಹೆಚ್ಚುವುದಕ್ಕೆ, ಒರಳು ರುಬ್ಬುವುದಕ್ಕೆ, ಜರಡಿ ಸೋಸುವುದಕ್ಕೆ. ಈ ಸಣ್ಣ ಪರಿಕರಗಳಿಗೆ ‘ಕಮಾಂಡ್’ ಎಂದು ಹೆಸರು. ಒಂದು ಕಮಾಂಡ್ ಮಾಡಿದ ಕೆಲಸವನ್ನು ಇನ್ನೊಂದು ಎತ್ತಿಕೊಂಡು ಮುಂದುವರಿಸುತ್ತದೆ. ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಲಿನಕ್ಸ್, ಆಪಲ್ ಕಂಪ್ಯೂಟರ್ ಮತ್ತು ಐಫೋನಿನ ತಳದಲ್ಲಿರುವ ವ್ಯವಸ್ಥೆ, ಎಲ್ಲವೂ ಇದೇ ಕುಟುಂಬದವು ಅಥವಾ ಇದೇ ಗೋತ್ರದವು.

ಈ ಮನೆಯ ಯಜಮಾನನಿಗೆ ‘ರೂಟ್’ ಎಂದು ಹೆಸರು. ರೂಟ್‌ಗೆ ಎಲ್ಲ ಬೀಗದ ಕೈಯೂ ಉಂಟು: ಯಾರ ಕಡತವನ್ನಾದರೂ ಓದಬಹುದು, ಅಳಿಸಬಹುದು. ಉಳಿದವರು ಅವರವರ ಕೋಣೆಯಲ್ಲಿ ಇರಬೇಕು. ಕಳ್ಳನ ಆಸೆ ಯಾವಾಗಲೂ ಒಂದೇ, ಹೇಗಾದರೂ ರೂಟ್ ಆಗುವುದು.

ಟೆಕ್ಸಸ್‌ಗೂ ಯೂನಿಕ್ಸ್‌ಗೂ ಹಳೆಯ ನಂಟು. ಐಬಿಎಂನ ಯೂನಿಕ್ಸ್‌ಗೆ ಎಐಎಕ್ಸ್ ಎಂದು ಹೆಸರು. ಅದು ಬೆಳೆದದ್ದು ಆಸ್ಟಿನ್‌ನಲ್ಲಿ. 1986ರಲ್ಲಿ ಅದರ ಮೊದಲ ರೂಪ ಬಂತು. 1990ರ ಫೆಬ್ರವರಿಯಲ್ಲಿ ಆರ್‌ಎಸ್/6000 ಯಂತ್ರಗಳ ಜೊತೆ ಮೂರನೆಯ ಆವೃತ್ತಿ ಬಂತು. ಆ ದಶಕದಲ್ಲಿ ಬೆಂಗಳೂರಿನಿಂದ ಸೂಟ್‌ಕೇಸ್ ಹಿಡಿದು ಬಂದ ನಮ್ಮ ಎಷ್ಟೋ ಹುಡುಗರು ಆಸ್ಟಿನ್‌ನ ಇಂಥ ಕೆಲಸಗಳಿಗೆ, ರಿಚರ್ಡ್‌ಸನ್ನಿನ ಟೆಲಿಕಾಂ ಕಂಪನಿಗಳಿಗೆ, ಹ್ಯೂಸ್ಟನ್ನಿನ ಕಾಂಪ್ಯಾಕ್‌ಗೆ ಸೇರಿಕೊಂಡರು. ನಮ್ಮ ಕನ್ನಡ ಸಂಘಗಳು ಬೆಳೆದದ್ದರಲ್ಲಿ ಅವರ ಪಾಲು ಸಣ್ಣದಲ್ಲ.

ನಾನು ಹೇಳಹೊರಟ ರೋಗದ ಮೊದಲ ಪ್ರಸಿದ್ಧ ಪ್ರಕರಣವೂ ಈ ಆಸ್ಟಿನ್ ಕೂಸಿನದೇ.

ಹೆಸರೇ ಬೀಗದ ಕೈ ಆದಾಗ

ಆಗ ದೂರದ ಯಂತ್ರವೊಂದಕ್ಕೆ ಪ್ರವೇಶ ಪಡೆಯಲು ‘ಆರ್‌ಲಾಗಿನ್’, ‘ಟೆಲ್ನೆಟ್’ ಎಂಬ ಕಮಾಂಡ್‌ಗಳಿದ್ದವು. ಹೊರಗಿನಿಂದ ಬಂದವನ ಹೆಸರನ್ನು ಬಾಗಿಲಲ್ಲಿ ಒಂದು ಪ್ರೋಗ್ರಾಂ ಕೇಳಿಕೊಂಡು, ಒಳಗಿರುವ ‘ಲಾಗಿನ್’ ಎಂಬ ಕಮಾಂಡ್‌ಗೆ ದಾಟಿಸುತ್ತದೆ. ಲಾಗಿನ್ ಪಾಸ್‌ವರ್ಡ್ ಕೇಳಿ, ಸರಿಯಿದ್ದರೆ ಒಳಗೆ ಬಿಡುತ್ತದೆ. ಇಷ್ಟೇ ವ್ಯವಹಾರ.

ನಮ್ಮ ಸಂಘದ ಹಬ್ಬದೂಟವನ್ನು ನೆನೆಸಿಕೊಳ್ಳಿ. ಹೊರಗೆ ಮೇಜು ಹಾಕಿಕೊಂಡು ಒಬ್ಬ ಸ್ವಯಂಸೇವಕ ಬಂದವರ ಹೆಸರನ್ನು ಚೀಟಿಯಲ್ಲಿ ಬರೆದು ಒಳಬಾಗಿಲಿನವನಿಗೆ ಕೊಡುತ್ತಾನೆ. ಚೀಟಿಯಲ್ಲಿ ಬರೀ ಹೆಸರಿದ್ದರೆ ಒಳಬಾಗಿಲಿನವನು ಟಿಕೆಟ್ ಕೇಳಬೇಕು. ಚೀಟಿ ಒಂದು ಅಡ್ಡಗೆರೆಯಿಂದ ಶುರುವಾಗಿ ಮುಂದೆ ‘ಬಿಡಿ’ ಎಂದಿದ್ದರೆ, ಹೊರಗಿನವನೇ ಪರೀಕ್ಷೆ ಮಾಡಿಯಾಗಿದೆ, ಟಿಕೆಟ್ ಕೇಳದೆ ಬಿಡಬೇಕು. ಇದು ಅವರಿಬ್ಬರ ಒಳ ಒಪ್ಪಂದ. ಈಗ ಒಬ್ಬ ಆಸಾಮಿ ಬರುತ್ತಾನೆ.

‘ತಮ್ಮ ಹೆಸರು, ಸ್ವಾಮಿ?’

‘ಅಡ್ಡಗೆರೆ, ಬಿಡಿ, ಅಧ್ಯಕ್ಷರು.’

ಸ್ವಯಂಸೇವಕ ಪಾಪದವನು. ಹೇಳಿದ್ದನ್ನು ಹೇಳಿದಂತೆ ಬರೆದ. ಒಳಬಾಗಿಲಿನವನು ಚೀಟಿ ನೋಡಿದ: ‘- ಬಿಡಿ ಅಧ್ಯಕ್ಷರು’. ಓಹೋ, ಅಧ್ಯಕ್ಷರು ಬಂದರು, ಪರೀಕ್ಷೆಯೂ ಆಗಿದೆ! ಬಾಗಿಲು ತೆರೆದು, ಹಾರ ಹಾಕಿ, ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿದ.

ಎಐಎಕ್ಸ್‌ನಲ್ಲಿ ಆದದ್ದು ಅಕ್ಷರಶಃ ಇದೇ. ಯೂನಿಕ್ಸ್ ಕಮಾಂಡ್‌ಗಳಿಗೆ ವಿಶೇಷ ಸೂಚನೆ ಕೊಡುವುದು ಅಡ್ಡಗೆರೆ ಹಾಕಿ ಒಂದು ಅಕ್ಷರ ಬರೆದು. ಲಾಗಿನ್‌ಗೆ ‘-ಎಫ್’ ಎಂಬ ಸೂಚನೆ ಕೊಟ್ಟರೆ ‘ಇವನ ಪರೀಕ್ಷೆ ಆಗಿದೆ, ಪಾಸ್‌ವರ್ಡ್ ಬೇಡ’ ಎಂದು ಅರ್ಥ. ದೂರದಿಂದ ಬಂದವನು ತನ್ನ ಹೆಸರನ್ನು ‘-ಎಫ್‌ರೂಟ್’ ಎಂದು ಹೇಳಿದರೆ ಬಾಗಿಲಿನ ಪ್ರೋಗ್ರಾಂ ಅದನ್ನು ಹಾಗೆಯೇ ದಾಟಿಸುತ್ತಿತ್ತು. ಲಾಗಿನ್ ಅದನ್ನು ಹೆಸರೆಂದು ಓದಲಿಲ್ಲ, ಅಪ್ಪಣೆಯೆಂದು ಓದಿತು. ಪಾಸ್‌ವರ್ಡ್ ಇಲ್ಲ, ಪ್ರಶ್ನೆ ಇಲ್ಲ. ಬಂದವನು ನೇರವಾಗಿ ಮನೆಯ ಯಜಮಾನ! ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಅಲ್ಲವೆ?

1994ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನ ಸರ್ಟ್ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಎಐಎಕ್ಸ್‌ನ ಮೂರನೆಯ ಆವೃತ್ತಿಯ ಯಂತ್ರಗಳಿಗೂ ಆಗಿನ ಲಿನಕ್ಸ್ ಯಂತ್ರಗಳಿಗೂ ಈ ಕಾಯಿಲೆ ಇತ್ತು. ಸರ್ಟ್ ಹುಟ್ಟಿದ್ದಕ್ಕೂ ಒಂದು ಸಾಂಕ್ರಾಮಿಕವೇ ಕಾರಣ. 1988ರ ನವೆಂಬರ್ 2ರಂದು ಕಾರ್ನೆಲ್‌ನ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ‘ಹುಳು’ ಯೂನಿಕ್ಸ್‌ನ ‘ಫಿಂಗರ್’ ಸೇವೆ ಮತ್ತು ‘ಸೆಂಡ್‌ಮೇಲ್’ ಪ್ರೋಗ್ರಾಂಗಳ ಕಿಂಡಿಗಳ ಮೂಲಕ ಹರಡಿ ಸಾವಿರಾರು ಯಂತ್ರಗಳನ್ನು ಮಲಗಿಸಿತ್ತು. ಆ ಬಳಿಕವೇ ಕಂಪ್ಯೂಟರ್ ಲೋಕಕ್ಕೂ ಒಂದು ಆರೋಗ್ಯ ಇಲಾಖೆ ಬೇಕು ಎಂದು ಎಲ್ಲರಿಗೂ ಹೊಳೆದದ್ದು.

ತೇಪೆ ಹಾಕುವ ಬಗೆ

ಇಂಥ ಕಿಂಡಿ ಮುಚ್ಚುವ ತಿದ್ದುಪಡಿಗೆ ‘ಪ್ಯಾಚ್’ ಎನ್ನುತ್ತಾರೆ, ಅಂದರೆ ಅಪ್ಪಟ ಕನ್ನಡದಲ್ಲಿ ತೇಪೆ. ಹೆಸರು ಬಂದದ್ದೂ ನಿಜವಾದ ತೇಪೆಯಿಂದಲೇ. ಹಿಂದೆ ಪ್ರೋಗ್ರಾಂಗಳನ್ನು ಕಾಗದದ ಪಟ್ಟಿಯಲ್ಲಿ, ಕಾರ್ಡುಗಳಲ್ಲಿ ತೂತು ಕೊರೆದು ಬರೆಯುತ್ತಿದ್ದರು. ತೂತು ತಪ್ಪಿದರೆ ಅದರ ಮೇಲೆ ಕಾಗದದ ಚೂರು ಅಂಟಿಸಿ ಸರಿಯಾದ ಜಾಗದಲ್ಲಿ ಮತ್ತೆ ಕೊರೆಯುತ್ತಿದ್ದರು. ನಮ್ಮಜ್ಜಿ ಕೌದಿಗೆ ಹಾಕುತ್ತಿದ್ದ ತೇಪೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ಈ ರೋಗಕ್ಕೆ ತೇಪೆ ಬಹಳ ಸಣ್ಣದು. ಬಂದವನ ಹೆಸರು ಅಡ್ಡಗೆರೆಯಿಂದ ಶುರುವಾದರೆ ಒಳಗೆ ಬಿಡಬೇಡ ಎಂಬ ಒಂದು ಪರೀಕ್ಷೆ ಸಾಕು. ಇನ್ನೊಂದು ಉಪಾಯವೂ ಉಂಟು. ಹೆಸರಿಗಿಂತ ಮುಂಚೆ ಎರಡು ಅಡ್ಡಗೆರೆ ಹಾಕಿದರೆ ‘ಇಲ್ಲಿಗೆ ಅಪ್ಪಣೆಗಳು ಮುಗಿದವು, ಮುಂದಿರುವುದೆಲ್ಲ ಬರೀ ಹೆಸರು’ ಎಂದು ಯೂನಿಕ್ಸ್‌ನ ಬಹುಪಾಲು ಕಮಾಂಡ್‌ಗಳು ತಿಳಿದುಕೊಳ್ಳುತ್ತವೆ. ಒಂದೆರಡು ಸಾಲಿನ ಕೆಲಸ. ಪೆನಿಸಿಲಿನ್ ಒಂದು ಇಂಜೆಕ್ಷನ್ ಕೊಟ್ಟಷ್ಟು ಸುಲಭ.

ಆದರೆ ತೇಪೆ ಎಲ್ಲರ ಮನೆ ತಲುಪುವವರೆಗೆ ಏನು ಮಾಡುವುದು? ‘ಅಲ್ಲಿಯವರೆಗೆ ಆರ್‌ಲಾಗಿನ್ ಸೇವೆಯನ್ನೇ ನಿಲ್ಲಿಸಿಬಿಡಿ’ ಎಂಬುದು ಆಗ ಕೊಟ್ಟ ಸಲಹೆ. ಇದು ಓಬವ್ವನ ಒನಕೆ. ತಾತ್ಕಾಲಿಕ, ಆದರೆ ಪ್ರಾಣ ಉಳಿಸುವಂಥದ್ದು. ಒನಕೆ ಬೇಕು, ಕಲ್ಲೂ ಬೇಕು. ಒನಕೆಯೇ ಸಾಕೆಂದು ಕೂತರೆ ಓಬವ್ವ ಎಷ್ಟು ದಿನ ನಿದ್ದೆಗೆಟ್ಟು ನಿಂತಾಳು?

ಮರುಕಳಿಸಿದ ರೋಗ

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಹದಿಮೂರು ವರ್ಷ ಕಳೆಯಿತು. 2007ರ ಫೆಬ್ರವರಿಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಸೊಲಾರಿಸ್ 10 ಎಂಬ ಯೂನಿಕ್ಸ್‌ನಲ್ಲಿ ಅದೇ ರೋಗ ಕಾಣಿಸಿತು. ಈ ಸಲ ಬಾಗಿಲು ಟೆಲ್ನೆಟ್‌ನದು. ಹೆಸರು ಕೇಳಿದರೆ ಅದೇ ಅಡ್ಡಗೆರೆ, ಅದೇ ಎಫ್. ಸನ್ ಕಂಪನಿ ಕೆಲವೇ ದಿನಗಳಲ್ಲಿ ತೇಪೆ ಕೊಟ್ಟಿತು. ತೇಪೆ ಹಾಕಿಕೊಳ್ಳದ ಯಂತ್ರಗಳನ್ನು ಹುಡುಕಿಕೊಂಡು ಅದೇ ತಿಂಗಳ ಕೊನೆಗೆ ಒಂದು ಹುಳುವೂ ಹೊರಟಿತು.

2026ರ ಜನವರಿ. ಲಿನಕ್ಸ್ ಯಂತ್ರಗಳಲ್ಲಿ, ಸಣ್ಣಪುಟ್ಟ ಉಪಕರಣಗಳಲ್ಲಿ ಬಳಸುವ ಗ್ನೂ ಇನೆಟ್‌ಯುಟಿಲ್ಸ್ ಎಂಬ ಕಟ್ಟಿನ ಟೆಲ್ನೆಟ್ ಸೇವೆಯಲ್ಲಿ ಮೂರನೆಯ ಸಲ ಅದೇ ರೋಗ! ಬಂದವನು ತನ್ನ ಹೆಸರಿನ ಜಾಗದಲ್ಲಿ ‘-ಎಫ್ ರೂಟ್’ ಎಂದು ಕಳಿಸಿದರೆ ಪಾಸ್‌ವರ್ಡ್ ಇಲ್ಲದೆ ಯಜಮಾನ. ಈ ಕಿಂಡಿ 2015ರಲ್ಲಿ ಮಾಡಿದ ಒಂದು ಬದಲಾವಣೆಯಿಂದ ಬಿದ್ದದ್ದು. ಸುಮಾರು 11 ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಂಡಾಂತರದ ಅಳತೆಯಲ್ಲಿ ಹತ್ತಕ್ಕೆ 9.8. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಇದನ್ನು ಬಳಸಿ ಒಳನುಗ್ಗುವ ಪ್ರಯತ್ನಗಳೂ ಕಂಡವು.

ನಾನು ಭಾವಮೈದುನನಿಗೆ ಫೋನ್ ಮಾಡಿ, ‘ಏನಯ್ಯಾ ಇದು, ನಿಮ್ಮವರು ಒಂದೇ ಹಳ್ಳಕ್ಕೆ ಎಷ್ಟು ಸಲ ಬೀಳುತ್ತೀರಿ?’ ಎಂದು ಛೇಡಿಸಿದೆ.

‘ಭಾವ, ಬೀಳುವವರು ಬೇರೆ ಬೇರೆಯವರು. 1994ರಲ್ಲಿ ಪೆಟ್ಟು ತಿಂದವರು ರಿಟೈರ್ ಆದರು. ತೇಪೆ ಆ ಪ್ರೋಗ್ರಾಮಿಗೆ ಹಾಕಿದ್ದು. ಹೊಸಬರ ತಲೆಗೆ ಯಾರು ಹಾಕಿದರು?’ ಎಂದ. ಆಮೇಲೆ ನಕ್ಕು, ‘ನಿಮ್ಮ ದಡಾರದ ಕಥೆ ಏನು, ಹೇಳಿ ನೋಡೋಣ’ ಎಂದು ನನಗೇ ತಿರುಗಿಸಿದ.

ಅವನ ಮಾತು ನಾಟಿತು. ಅಮೆರಿಕದಲ್ಲಿ ದಡಾರ ನಿರ್ಮೂಲವಾಯಿತೆಂದು 2000ದಲ್ಲಿ ಘೋಷಣೆಯಾಗಿತ್ತು. ನಮ್ಮ ಕಿರಿಯ ವೈದ್ಯರಲ್ಲಿ ಅನೇಕರು ಆ ರೋಗವನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದವರು. 2025ರ ಜನವರಿಯಲ್ಲಿ ಪಶ್ಚಿಮ ಟೆಕ್ಸಸ್‌ನ ಗೇನ್ಸ್ ಕೌಂಟಿಯ ಸುತ್ತ, ಲಸಿಕೆ ಹಾಕಿಸಿಕೊಳ್ಳದವರು ಹೆಚ್ಚಿದ್ದ ಕಡೆ, ಅದು ಎದ್ದಿತು. ಆಗಸ್ಟ್ 18ರಂದು ಇಲಾಖೆ ಮುಗಿಯಿತೆಂದು ಸಾರುವ ಹೊತ್ತಿಗೆ 762 ಜನಕ್ಕೆ ತಗಲಿತ್ತು, ಶಾಲೆಗೆ ಹೋಗುವ ವಯಸ್ಸಿನ ಎರಡು ಮಕ್ಕಳು ತೀರಿಕೊಂಡಿದ್ದವು. ಲಸಿಕೆ ಬಂದು ಅರವತ್ತು ವರ್ಷವಾದ ಮೇಲೆ! ರೋಗ ಹೋದರೆ ಭಯ ಹೋಗುತ್ತದೆ, ಭಯ ಹೋದರೆ ಎಚ್ಚರ ಹೋಗುತ್ತದೆ, ಎಚ್ಚರ ಹೋದ ಬಾಗಿಲಿನಿಂದಲೇ ರೋಗ ಮರಳುತ್ತದೆ.

ನಮ್ಮ ದೇಹ ಇದಕ್ಕೊಂದು ಉಪಾಯ ಮಾಡಿಕೊಂಡಿದೆ. ಒಮ್ಮೆ ಸೋಂಕು ಬಂದು ಹೋದರೆ, ಅಥವಾ ಲಸಿಕೆ ಬಿದ್ದರೆ, ಕೆಲವು ಜೀವಕೋಶಗಳು ಆ ಶತ್ರುವಿನ ಗುರುತನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ. ಸಾಫ್ಟ್‌ವೇರಿನಲ್ಲೂ ಇದಕ್ಕೆ ಸಮನಾದದ್ದು ಉಂಟಂತೆ. ತೇಪೆ ಹಾಕಿದ ಕೂಡಲೇ ಅದೇ ಹಳೆಯ ಪೆಟ್ಟನ್ನು ಮತ್ತೆ ಮತ್ತೆ ಕೊಟ್ಟು ನೋಡುವ ಒಂದು ಪುಟ್ಟ ಪರೀಕ್ಷೆಯನ್ನೂ ಬರೆದಿಡುವುದು. ಅದಕ್ಕೆ ‘ರಿಗ್ರೆಶನ್ ಟೆಸ್ಟ್’ ಎಂದು ಹೆಸರು. ಮುಂದೆ ಯಾರೇ ಆ ಪ್ರೋಗ್ರಾಂ ಮುಟ್ಟಿದರೂ ಹಳೆಯ ರೋಗ ಮರಳಿದರೆ ಅದು ಕೂಗಿ ಹೇಳುತ್ತದೆ. ತೇಪೆ ಔಷಧ, ಈ ಪರೀಕ್ಷೆ ಲಸಿಕೆ. ಒಬ್ಬರ ಮನೆಯ ಲಸಿಕೆ ಪಕ್ಕದ ಮನೆಗೂ ಹೋದರೆ ಮಾತ್ರ ಊರು ಉಳಿಯುತ್ತದೆ. ಎಐಎಕ್ಸ್‌ನ ಪಾಠ ಸೊಲಾರಿಸ್‌ಗೆ ದಾಟಲಿಲ್ಲ, ಸೊಲಾರಿಸ್‌ನದು ಗ್ನೂಗೆ ದಾಟಲಿಲ್ಲ. ಮೂರು ಸಲ ಸೋತದ್ದು ಇಲ್ಲಿ.

ಅರ್ಧ ಕೋರ್ಸ್, ಅಡ್ಡ ಪರಿಣಾಮ

ತೇಪೆ ಎಂದರೆ ಯಾವಾಗಲೂ ಸರಾಗವಲ್ಲ. 2014ರ ಸೆಪ್ಟೆಂಬರಿನಲ್ಲಿ ‘ಬ್ಯಾಶ್’ ಎಂಬ ಯೂನಿಕ್ಸ್ ಕಮಾಂಡ್‌ನಲ್ಲಿ ‘ಶೆಲ್‌ಶಾಕ್’ ಎಂಬ ಕಿಂಡಿ ಸಿಕ್ಕಿತು. ಕಂಡುಹಿಡಿದವರು ಸ್ಟೆಫಾನ್ ಶಾಜೆಲಾಸ್. ಅದು 1989ರಿಂದಲೂ ಅಲ್ಲಿ ಅಡಗಿತ್ತು! ಕ್ಲೀವ್‌ಲ್ಯಾಂಡ್‌ನ ವಿಶ್ವವಿದ್ಯಾಲಯವೊಂದರಲ್ಲಿ ಕೆಲಸದಲ್ಲಿದ್ದುಕೊಂಡು ಬ್ಯಾಶ್ ನೋಡಿಕೊಳ್ಳುತ್ತಿದ್ದ ಚೆಟ್ ರೇಮಿ ತೇಪೆ ಸಿದ್ಧಪಡಿಸಿದರು. ಹೊರಬಂದ ಬೆನ್ನಿಗೇ ಅದು ಅರ್ಧ ಕಿಂಡಿಯನ್ನಷ್ಟೇ ಮುಚ್ಚಿದೆ ಎಂದು ತಿಳಿಯಿತು. ಎರಡನೆಯದು ಬಂತು, ಮೂರನೆಯದು ಬಂತು. ಮೊದಲ ತೇಪೆ ಹಾಕಿ ‘ಸದ್ಯ, ಮುಗಿಯಿತು’ ಎಂದು ಮಲಗಿದವರು ಐದು ದಿನದ ಆಂಟಿಬಯಾಟಿಕ್ಕನ್ನು ಎರಡೇ ದಿನಕ್ಕೆ ನಿಲ್ಲಿಸುವ ನನ್ನ ಕೆಲವು ರೋಗಿಗಳಂತೆ.

ಅಡ್ಡ ಪರಿಣಾಮಕ್ಕೆ ಉದಾಹರಣೆ ನಮ್ಮ ಆಸ್ಟಿನ್‌ನಲ್ಲೇ ಇದೆ. 2024ರ ಜುಲೈ 19ರಂದು ಆಸ್ಟಿನ್‌ನ ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ರಕ್ಷಣಾ ತಂತ್ರಾಂಶಕ್ಕೆ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದುಕೊಂಡವು. 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ ಆಗುವುದು ಆಗಿಹೋಗಿತ್ತು. ವಿಮಾನಗಳು ನಿಂತವು, ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮುಂದೂಡಿದರು. ಅದು ಯೂನಿಕ್ಸ್ ತೇಪೆಯಲ್ಲ ನಿಜ, ಆದರೆ ಕಾಯುವ ಔಷಧವನ್ನೂ ಮೊದಲು ಸ್ವಲ್ಪ ಜನಕ್ಕೆ ಕೊಟ್ಟು ನೋಡಬೇಕೆಂಬ ಪಾಠ ಎಲ್ಲರಿಗೂ ಒಂದೇ.

ಹಾಗೆಂದು ಔಷಧ ಬೇಡವೆನ್ನಲಾದೀತೆ? 2017ರ ಆಗಸ್ಟಿನಲ್ಲಿ ಅಮೆರಿಕದ ಎಫ್‌ಡಿಎ ಸುಮಾರು 4,65,000 ಪೇಸ್‌ಮೇಕರುಗಳಿಗೆ ಭದ್ರತಾ ತೇಪೆಯೊಂದನ್ನು ಒಪ್ಪಿತು. ರೋಗಿ ಆಸ್ಪತ್ರೆಗೇ ಬರಬೇಕು, ಸುಮಾರು ಮೂರು ನಿಮಿಷದ ಕೆಲಸ, ಅಷ್ಟು ಹೊತ್ತು ಯಂತ್ರ ನಿಮಿಷಕ್ಕೆ 67 ಬಡಿತದ ತುರ್ತು ಸ್ಥಿತಿಯಲ್ಲಿ ನಡೆಯುತ್ತದೆ. ಯಂತ್ರ ಪೂರ್ತಿ ಕೈಕೊಡುವ ಸಾಧ್ಯತೆ ಶೇಕಡಾ 0.003 ಎಂದು ಹೇಳಲಾಗಿತ್ತು. ಎದೆಯೊಳಗಿನ ಯಂತ್ರಕ್ಕೆ ತೇಪೆ! ಲಾಭವೆಷ್ಟು, ಅಪಾಯವೆಷ್ಟು ಎಂದು ರೋಗಿಯ ಜೊತೆ ಕೂತು ತೂಗಬೇಕಾದ ಮಾತು ಅದು. ನಾವು ವೈದ್ಯರು ದಿನನಿತ್ಯ ಮಾಡುವುದೂ ಅದನ್ನೇ.

ಔಷಧ ಕಪಾಟಿನಲ್ಲೇ ಉಳಿದರೆ

ತೇಪೆ ಇದ್ದೂ ಹಾಕಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ಮೇ 12 ಸಾಕ್ಷಿ. ‘ವಾನಾಕ್ರೈ’ ಎಂಬ ಹುಳು ಬ್ರಿಟನ್ನಿನ ಆಸ್ಪತ್ರೆಗಳನ್ನು ಹಿಡಿದಾಗ, ಆ ಕಿಂಡಿಗೆ ಮೈಕ್ರೋಸಾಫ್ಟ್ ಕಂಪನಿ ತೇಪೆ ಕೊಟ್ಟು ಸುಮಾರು ಎರಡು ತಿಂಗಳಾಗಿತ್ತು. ರೋಗಿಗಳ ಸುಮಾರು 19,000 ಭೇಟಿಗಳು ರದ್ದಾಗಿರಬಹುದೆಂದು ಆಮೇಲೆ ಲೆಕ್ಕ ಹಾಕಿದರು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆಸ್ಪತ್ರೆಗಳ ಕಷ್ಟವನ್ನೂ ಹೇಳಬೇಕು. 2015ರಲ್ಲಿ ಹಾಸ್ಪೈರಾ ಕಂಪನಿಯ ಒಂದು ಬಗೆಯ ನೋವುನಿವಾರಕ ಪಂಪಿನ ಬಗ್ಗೆ ಎಫ್‌ಡಿಎ ಎಚ್ಚರಿಕೆ ನೀಡಿತು. ಅದರಲ್ಲಿ ಟೆಲ್ನೆಟ್ ಬಾಗಿಲು ಪಾಸ್‌ವರ್ಡೇ ಇಲ್ಲದೆ ರೂಟ್ ಅಧಿಕಾರಕ್ಕೆ ತೆರೆದುಕೊಂಡಿತ್ತು. ರೋಗಿಯ ನರಕ್ಕೆ ಮಾರ್ಫಿನ್ ಹರಿಸುವ ಯಂತ್ರ, ಯೋಚಿಸಿ! ಇಂಥ ಯಂತ್ರಗಳು ಹದಿನೈದು ಇಪ್ಪತ್ತು ವರ್ಷ ಬಾಳುತ್ತವೆ, ಅವುಗಳೊಳಗಿನ ತಂತ್ರಾಂಶ ಐದಾರು ವರ್ಷಕ್ಕೇ ಮುದಿಯಾಗುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಹಳೆಯ ಸ್ಕ್ಯಾನಿಂಗ್ ಯಂತ್ರಕ್ಕೆ ತೇಪೆ ಕೊಡುವುದನ್ನು ತಯಾರಕರು ನಿಲ್ಲಿಸಿದ್ದರು. ಯಂತ್ರ ಗಟ್ಟಿಮುಟ್ಟಾಗಿತ್ತು. ಅಲ್ಲಿನ ತಂತ್ರಜ್ಞ ಅದರ ನೆಟ್‌ವರ್ಕ್ ತಂತಿಯನ್ನೇ ಕಿತ್ತು, ಚಿತ್ರಗಳನ್ನು ಡಿಸ್ಕಿನಲ್ಲಿ ಹೊತ್ತು ತರುತ್ತಿದ್ದ. ಪ್ಲೇಗು ಬಂದಾಗ ಊರ ಹೊರಗೆ ಗುಡಿಸಲು ಹಾಕಿ ಇರಿಸುತ್ತಿದ್ದರಲ್ಲ, ಹಾಗೆ. 2023ರ ಮಾರ್ಚ್‌ನಿಂದ ಅಮೆರಿಕದಲ್ಲಿ ಕಾನೂನು ಬಿಗಿಯಾಗಿದೆ. ನೆಟ್‌ವರ್ಕಿಗೆ ಸೇರುವ ಹೊಸ ವೈದ್ಯಕೀಯ ಯಂತ್ರಕ್ಕೆ ಅನುಮತಿ ಬೇಕಾದರೆ, ಮುಂದೆ ತೇಪೆಗಳನ್ನು ಹೇಗೆ ಕೊಡುತ್ತೀರಿ ಎಂಬ ಯೋಜನೆಯನ್ನು ತಯಾರಕರು ಮೊದಲೇ ಒಪ್ಪಿಸಬೇಕು.

ಎಲ್ಲ ಕಾಯಿಲೆಗೂ ತೇಪೆಯೇ ಮದ್ದಲ್ಲ ಎಂಬುದನ್ನು ನಮ್ಮ ನೆರೆಯ ಎರಡು ಊರುಗಳು ತೋರಿಸಿವೆ. 2021ರ ಆಗಸ್ಟಿನಲ್ಲಿ ಹ್ಯೂಸ್ಟನ್ ಬಂದರಿನ ಜಾಲಕ್ಕೆ ನುಗ್ಗಲು ಯತ್ನಿಸಿದವರು ಬಳಸಿದ್ದು ಇನ್ನೂ ತೇಪೆಯೇ ಸಿದ್ಧವಾಗಿರದ ಕಿಂಡಿಯನ್ನು. ತೇಪೆ ಬಂದದ್ದು ಸೆಪ್ಟೆಂಬರಿನಲ್ಲಿ. ಕಣ್ಣಿಟ್ಟು ಕಾಯುತ್ತಿದ್ದವರು ಇದ್ದುದರಿಂದ ಬಂದರು ಉಳಿಯಿತು. ಅಲ್ಲಿ ಗೆದ್ದದ್ದು ಒನಕೆ. ಡಲ್ಲಸ್ ನಗರಾಡಳಿತಕ್ಕೆ ಆ ಭಾಗ್ಯವಿರಲಿಲ್ಲ. 2023ರ ಏಪ್ರಿಲ್ 7ರಂದು ಒಂದು ಖಾತೆಯ ಗುರುತುಗಳನ್ನೇ ಬಳಸಿ ಒಳಹೊಕ್ಕವರು ಸುಮಾರು ನಾಲ್ಕು ವಾರ ಸದ್ದಿಲ್ಲದೆ ಓಡಾಡಿ, ಮೇ 3ರಂದು ಬೀಗ ಜಡಿದರು. ನಗರದ ನ್ಯಾಯಾಲಯ ಮುಚ್ಚಿತು, ತುರ್ತುಕರೆಯವರು ಕೈಯಲ್ಲಿ ಬರೆದುಕೊಳ್ಳಬೇಕಾಯಿತು, ರಿಪೇರಿಗೆಂದು 85 ಲಕ್ಷ ಡಾಲರ್ ಮಂಜೂರಾಯಿತು. ಕಿಂಡಿ ಮುಚ್ಚಿದರೂ ಬೀಗದ ಕೈ ಕಳ್ಳನ ಕೈಯಲ್ಲಿದ್ದರೆ ಏನು ಮಾಡೋಣ?

ನಮ್ಮ ಮನೆಗಳಿಗೆ

‘ಯೂನಿಕ್ಸ್ ನಮ್ಮನೇಲಿಲ್ಲ ಬಿಡಿ ಡಾಕ್ಟ್ರೆ’ ಎನ್ನುವವರಿಗೆ ಒಂದು ಮಾತು. ನಿಮ್ಮ ವೈಫೈ ಪೆಟ್ಟಿಗೆ, ಬಾಗಿಲ ಕ್ಯಾಮೆರಾ, ಟಿವಿ, ಫೋನು ಇವುಗಳಲ್ಲಿ ಬಹುಪಾಲಿನೊಳಗೆ ಯೂನಿಕ್ಸ್ ಅಥವಾ ಅದರ ದಾಯಾದಿಯೇ ಕೂತಿರುವುದು. ಆದ್ದರಿಂದ ಈ ಔಷಧಿ ಚೀಟಿ:

1. ಅಪ್‌ಡೇಟ್ ಬಂದಾಗ ‘ಆಮೇಲೆ ನೆನಪಿಸು’ ಎಂಬ ಗುಂಡಿ ಒತ್ತಬೇಡಿ. ‘ಮುಂದಿನ ತಿಂಗಳಿಂದ ವಾಕಿಂಗ್ ಶುರು ಮಾಡ್ತೀನಿ ಡಾಕ್ಟ್ರೆ’ ಎನ್ನುವವರ ಸಕ್ಕರೆ ಕಾಯಿಲೆ ನನಗೆ ಚೆನ್ನಾಗಿ ಗೊತ್ತು.

2. ವೈಫೈ ರೂಟರನ್ನು ಮರೆಯಬೇಡಿ. ಎಂಟು ಹತ್ತು ವರ್ಷದ ಹಿಂದೆ ತಂದು ಸೋಫಾ ಹಿಂದೆ ಇಟ್ಟದ್ದಕ್ಕೆ ತಯಾರಕರು ಈಗ ತೇಪೆ ಕೊಡುತ್ತಿದ್ದಾರೆಯೇ ನೋಡಿ. ಇಲ್ಲದಿದ್ದರೆ ಬದಲಿಸಿ.

3. ವಿಂಡೋಸ್ 10ಕ್ಕೆ ಮಾಮೂಲು ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತಿವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಗಮನಿಸಿ.

4. ಊರಿನಲ್ಲಿರುವ ಅಪ್ಪ ಅಮ್ಮನ ಫೋನ್ ನೋಡಿ. ನಾವು ಬಳಸಿ ಬಿಟ್ಟ ಫೋನನ್ನು ಪ್ರೀತಿಯಿಂದ ಕೊಟ್ಟು ಬರುತ್ತೇವೆ. ಅವರ ಪೆನ್ಷನ್ ಬರುವುದು, ಹಾಲಿನವನಿಗೆ ದುಡ್ಡು ಹೋಗುವುದು ಅದರಲ್ಲೇ. ತೇಪೆ ನಿಂತುಹೋದ ಫೋನು, ಅವಧಿ ಮುಗಿದ ಮಾತ್ರೆಗೆ ಸಮ.

5. ತೇಪೆ ಎಂದೂ ಫೋನ್ ಕರೆಯಲ್ಲಿ ಬರುವುದಿಲ್ಲ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ನಾವು ಸರಿಮಾಡುತ್ತೇವೆ’ ಎಂದು ಕರೆ ಬಂದರೆ ಇಟ್ಟುಬಿಡಿ. ಹಿರಿಯರಿಗೆ ಇದನ್ನು ಬಿಡಿಸಿ ಹೇಳಿ.

6. ಪೇಸ್‌ಮೇಕರ್, ಇನ್ಸುಲಿನ್ ಪಂಪ್ ಇರುವವರು ಮುಂದಿನ ಭೇಟಿಯಲ್ಲಿ ‘ಇದಕ್ಕೆ ಅಪ್‌ಡೇಟ್ ಇದೆಯೇ?’ ಎಂದು ನಿಮ್ಮ ವೈದ್ಯರನ್ನು ಕೇಳಿ. ಕೇಳಿದರೆ ತಪ್ಪಿಲ್ಲ.

ಗಾರೆಯವರಿಗೊಂದು ನಮಸ್ಕಾರ

ಯೂನಿಕ್ಸ್‌ನಲ್ಲಿ ‘ಸುಡೋ’ ಎಂಬ ಕಮಾಂಡ್ ಇದೆ. ಕ್ಷಣಕಾಲ ಯಜಮಾನನ ಅಧಿಕಾರ ಕೊಡುವಂಥದ್ದು. 2021ರ ಜನವರಿಯಲ್ಲಿ ಕ್ವಾಲಿಸ್ ಎಂಬ ಸಂಸ್ಥೆಯವರು ಅದರಲ್ಲೊಂದು ಕಿಂಡಿ ಕಂಡರು. ಅದು ಸುಮಾರು ಹತ್ತು ವರ್ಷದಿಂದ ಇತ್ತು. ಟಾಡ್ ಮಿಲ್ಲರ್ ಎಂಬುವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಕಮಾಂಡ್ ನೋಡಿಕೊಂಡು ಬಂದಿದ್ದಾರೆ. ಲೋಕದ ಲೆಕ್ಕವಿಲ್ಲದಷ್ಟು ಯಂತ್ರಗಳು ಇಂಥ ಒಬ್ಬಿಬ್ಬರ ಹೆಗಲ ಮೇಲೆ ನಿಂತಿವೆ. ಅವರಿಗೆ ಹಾರವಿಲ್ಲ, ಶಾಲು ಹೊದಿಸುವವರಿಲ್ಲ. ಕೆಲಸ ಸರಿಯಾಗಿ ಆದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದುದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಲಸಿಕೆ ಹಾಕುವ ನರ್ಸಿನ ಪಾಡೂ ಇದೇ.

ಆಸ್ಟಿನ್, ಡಲ್ಲಸ್, ಹ್ಯೂಸ್ಟನ್ನಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿರುವ ನಮ್ಮ ಮಕ್ಕಳಿಗೆ ಹಿರಿಯನಾಗಿ ಒಂದು ಮಾತು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಹೊಸ ಆಪ್ ಬರೆಯುವುದು ಚೆಂದ. ಹಳೆಯ ಕಿಂಡಿಗಳ ಕಥೆ ಓದುವುದೂ ಅಷ್ಟೇ ಮುಖ್ಯ. ನಮ್ಮಲ್ಲಿ ಹಳೆಯ ಕೇಸ್ ಹಿಸ್ಟರಿ ಓದದವನನ್ನು ವಾರ್ಡಿಗೇ ಬಿಡುವುದಿಲ್ಲ. ತೇಪೆ ಹಾಕಿದಾಗ ಅದರ ಪಕ್ಕದಲ್ಲಿ ಒಂದು ಪರೀಕ್ಷೆಯನ್ನೂ ಬರೆದಿಡಿ. ಏಕೆ ಹಾಕಿದೆ ಎಂದು ಎರಡು ಸಾಲು ಟಿಪ್ಪಣಿಯನ್ನೂ ಬರೆಯಿರಿ. ನಾಲ್ಕನೆಯ ಸಲ ಆ ಅಡ್ಡಗೆರೆ ಬಾಗಿಲಿಗೆ ಬಂದು ನಿಂತಾಗ ಅದನ್ನು ಗುರುತು ಹಿಡಿಯುವವರು ನೀವೇ ಆಗಿರಬೇಕು.

2026ರ ಯುಗಾದಿಯಿಂದ ಶುರುವಾಗುವುದು ಪರಾಭವ ಸಂವತ್ಸರ. ಹೆಸರು ಕೇಳಿ ಗಾಬರಿಯಾಗಬೇಡಿ, ಪರಾಭವ ನಮ್ಮ ಯಂತ್ರಗಳ ಹುಳುಗಳಿಗೆ ಇರಲಿ. ಬೆಲ್ಲದ ಜೊತೆ ಬೇವನ್ನೂ ಮರೆಯದೆ ತಿನ್ನಿ, ತಿಂದು ಕೈ ತೊಳೆದ ಮೇಲೆ ಫೋನಿನ ಆ ಅಪ್‌ಡೇಟ್ ಗುಂಡಿಯನ್ನೂ ಒತ್ತಿಬಿಡಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.